ಮೊದಲು ಗಾಳಿ, ಆಮೇಲೆ ಆಯಿಲ್

ಸಕಲೇಶಪುರ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಥಾರ್ ಜೀಪಿನ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಲಿಫ್ಟ್ ಕಿಟ್, 31 ಇಂಚಿನ ಮಡ್ ಟಯರ್, ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ, ಇಂಜಿನ್ ಶಕ್ತಿ ಹೆಚ್ಚಿಸುವ ರೀಮ್ಯಾಪ್, ಬಾನೆಟ್ ಒಳಗೆ ಕೆಂಪು ಬಣ್ಣದ ಕೋನ್ ಏರ್ ಫಿಲ್ಟರ್. ಇಷ್ಟೆಲ್ಲ ಮಾಡಿಸಿದ ಮೇಲೆ "ಮಾವ, ಯಾವ ಆಯಿಲ್ ಹಾಕಿಸಲಿ? ಇರೋದರಲ್ಲೇ ದುಬಾರಿದು ಹಾಕಿಸಿಬಿಡಲಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯ ಇದಲ್ಲ. ಪುರುಸೊತ್ತು ಮಾಡಿಕೊಂಡು ಓದು.

ಆಯಿಲ್ ಡಬ್ಬಕ್ಕೆ ಕೈ ಹಾಕುವ ಮೊದಲು ಆ ಕೋನ್ ಫಿಲ್ಟರ್ ಬಿಚ್ಚಿಸು. ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತೆ: ಸ್ನಾರ್ಕೆಲ್‌ನಿಂದ ಬಂದ ಪೈಪು ಕೋನ್ ಪಕ್ಕದವರೆಗೆ ಬಂದು ಅಲ್ಲೇ ನಿಂತಿದೆ, ಯಾವುದಕ್ಕೂ ಸೇರಿಲ್ಲ. ಅಂದರೆ ಇಂಜಿನ್ ಗಾಳಿ ಎಳೆಯುತ್ತಿರುವುದು ಮೇಲಿನಿಂದಲ್ಲ, ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ. ಹೊಳೆ ದಾಟುವಾಗ ನೀರು ಬಾನೆಟ್ ಮಟ್ಟಕ್ಕೆ ಬಂದರೆ ಆ ಕೋನ್ ನೇರವಾಗಿ ನೀರನ್ನೇ ಕುಡಿಯುತ್ತೆ. ಸಿಲಿಂಡರಿಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಯಾವ ಆಯಿಲ್ ಹಾಕಿದ್ದರೂ ಗಾಡಿ ಉಳಿಯಲ್ಲ. ಕಂಪನಿಯ ಏರ್ ಫಿಲ್ಟರ್ ಬಾಕ್ಸ್ ವಾಪಸ್ ಕೂರಿಸಿ, ಅದರ ಬಾಯಿಗೆ ಸ್ನಾರ್ಕೆಲ್ ಪೈಪನ್ನು ಒಳ್ಳೆ ಕ್ಲಾಂಪ್ ಹಾಕಿ ಬಿಗಿಸು. ಬಾಕ್ಸಿನ ತಳದಲ್ಲಿ ನೀರಿಳಿಯುವ ರಬ್ಬರ್ ವಾಲ್ವ್ ಇದ್ದರೆ ಅದು ಹರಿದಿದೆಯಾ ನೋಡು.

ನಮ್ಮ ಕಡೆ ಜನವರಿಯಿಂದ ಏಪ್ರಿಲ್‌ವರೆಗೆ ಕೆಮ್ಮಣ್ಣಿನ ರಸ್ತೆ ಹೇಗಿರುತ್ತೆ ಅಂತ ನೀನೇ ಕಂಡಿದ್ದೀಯ. ಕಾಫಿ ಕೊಯ್ಲು ಮುಗಿಸಿ ಸಾಲಾಗಿ ಹೋಗುವ ಪಿಕಪ್‌ಗಳ ಹಿಂದೆ ಹತ್ತು ನಿಮಿಷ ಓಡಿಸಿದರೆ ಮೀಸೆಯೂ ಕೆಂಪಾಗುತ್ತೆ. ಕಣ್ಣಿಗೆ ಕಾಣುವ ಆ ದಪ್ಪ ಧೂಳು ಹೇಗೂ ಫಿಲ್ಟರಿನಲ್ಲೇ ನಿಲ್ಲುತ್ತೆ, ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಹತ್ತು ಇಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಗಾತ್ರದ ಕಣ ಇದೆಯಲ್ಲ, ಅದು ಪಿಸ್ಟನ್ ರಿಂಗಿಗೂ ಸಿಲಿಂಡರಿನ ಲೈನರಿಗೂ ನಡುವೆ ಇರುವ ತೆಳು ಆಯಿಲ್ ಪದರದಲ್ಲಿ ಸಿಕ್ಕಿಕೊಳ್ಳುತ್ತೆ. ಮಣ್ಣಿನಲ್ಲಿರುವ ಸಿಲಿಕಾ ಕಬ್ಬಿಣಕ್ಕಿಂತ ಗಟ್ಟಿ. ಅದು ರಿಂಗ್ ಉಜ್ಜುತ್ತೆ, ಲೈನರ್ ಉಜ್ಜುತ್ತೆ, ಆಮೇಲೆ ಆಯಿಲ್ ಚೇಂಬರಿಗಿಳಿದು ಬೇರಿಂಗ್ ಉಜ್ಜುತ್ತೆ. ಬ್ಯಾಕ್ ಕಂಪ್ರೆಷನ್ (ಸವೆದ ರಿಂಗ್ ದಾಟಿ ಹೊಗೆ ಆಯಿಲ್ ಚೇಂಬರಿಗೆ ಇಳಿಯುವುದು) ಶುರುವಾಗಿ ಡಿಪ್‌ಸ್ಟಿಕ್ ಹತ್ತಿರ ಹೊಗೆ ಬರುವಾಗ ಎಲ್ಲರೂ ಆಯಿಲ್ ಕಂಪನಿಯನ್ನು ಬೈತಾರೆ.

ಗಾಡಿ ಗ್ಯಾರೇಜಿನಲ್ಲಿದ್ದಾಗ ಹೀಗೆ ಮಾಡು. ಏರ್ ಫಿಲ್ಟರ್‌ನಿಂದ ಇಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೊಗೆ ಹೋಗುವ ಹೋಸನ್ನು ಕಳಚಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಪೈಪಿನ ಒಳಗೋಡೆಯನ್ನು ಒರೆಸು. ಇಂಜಿನ್ ಒಳಗಿನ ಆವಿ ಹೊರಬರುವ ಬ್ರೀದರ್ ಪೈಪು ಬಂದು ಸೇರುವಲ್ಲಿ ಸ್ವಲ್ಪ ಆಯಿಲ್ ಜಿಡ್ಡು ಬರೋದು ಸಹಜ, ಕಪ್ಪಾಗಿರುತ್ತೆ. ಅದಕ್ಕಿಂತ ಮುಂಚಿನ ಭಾಗದಲ್ಲಿ ಬಟ್ಟೆಗೆ ಕೆಂಪು ಹತ್ತಿತೋ, ಫಿಲ್ಟರ್ ದಾಟಿ ಧೂಳು ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಎಲ್ಲಿಂದ ಅಂತ ಹುಡುಕಬೇಕು. ಬಹಳ ಸಲ ಫಿಲ್ಟರ್ ಕಾಗದದಲ್ಲಿ ದೋಷ ಇರಲ್ಲ, ಅದರ ರಬ್ಬರ್ ಅಂಚು ಬಾಕ್ಸಿಗೆ ಕೂರುವ ಜಾಗದಲ್ಲಿ ಒಂದು ಕಡೆ ಎದ್ದಿರುತ್ತೆ, ಇಲ್ಲ ಹೋಸ್ ಮಡಿಚಿಕೊಂಡಿರುತ್ತೆ. ಇಲ್ಲಿ ಪಕ್ಕದ ತೋಟದವರ ಜೀಪಿಗೆ ಹಾಗೇ ಆಯಿತು. ಸ್ನಾರ್ಕೆಲ್ ಕೂರಿಸಿದವನು ಬಾಕ್ಸಿನ ಮುಚ್ಚಳದ ಒಂದು ಕ್ಲಿಪ್ ಹಾಕದೇ ಬಿಟ್ಟಿದ್ದ. ಮುಂದಿನ ಬೇಸಿಗೆಗೆ ಇಂಜಿನ್ ಇಳಿಸಬೇಕಾಗಿ ಬಂತು, ಟರ್ಬೊದ ಇಂಪೆಲ್ಲರ್ ಅಲಗುಗಳ ತುದಿ ಸವೆದು ದುಂಡಗಾಗಿದ್ದವು.

ನಿನ್ನ ಕೋನಿನಂಥ, ತೊಳೆದು ಮತ್ತೆ ಹಾಕುವ ಹತ್ತಿ ಬಟ್ಟೆಯ ಫಿಲ್ಟರು ರೇಸ್ ಟ್ರ್ಯಾಕಿಗೆ ಇರಲಿ. 105 ಅಶ್ವಶಕ್ತಿಯ ಡೀಸೆಲ್ ಜೀಪಿಗೆ ಅದರಿಂದ ಕಾಣುವಂಥ ಲಾಭ ಇಲ್ಲ, ಧೂಳಿನಲ್ಲಿ ನಷ್ಟ ಮಾತ್ರ ಇದೆ. ಫಿಲ್ಟರ್ ಎಷ್ಟು ಧೂಳು ಹಿಡಿಯುತ್ತೆ ಅಂತ ಅಳೆಯುವುದಕ್ಕೆ ಐಎಸ್ಒ 5011 ಅನ್ನುವ ಪರೀಕ್ಷೆಯೇ ಇದೆ. ಯಾರಾದರೂ ತಮ್ಮ ಫಿಲ್ಟರ್ ಹೊಗಳಿದರೆ ಆ ವರದಿ ಕೇಳು. ಕಾಗದದ ಫಿಲ್ಟರಿಗೆ ಒಂದು ಗುಣ ಇದೆ: ಸ್ವಲ್ಪ ಧೂಳು ಕೂತ ಮೇಲೆ ಅದು ಹೊಸದಕ್ಕಿಂತ ಚೆನ್ನಾಗಿ ಸೋಸುತ್ತೆ. ಅದಕ್ಕೇ ಪ್ರತಿ ಟ್ರಿಪ್ಪಿಗೂ ಬಿಚ್ಚಿ ನೆಲಕ್ಕೆ ಬಡಿಯುವ ಅಭ್ಯಾಸ ಬೇಡ, ಬಿಚ್ಚಿದಾಗೆಲ್ಲ ಒಂದಿಷ್ಟು ಧೂಳು ಆಚೆ ಬದಿಗೆ ಬೀಳುತ್ತೆ. ಹವಾ ಹೊಡೆಯಲೇಬೇಕಾದರೆ ಕಡಿಮೆ ಪ್ರೆಷರ್‌ನಲ್ಲಿ, ಒಳಗಿನಿಂದ ಹೊರಕ್ಕೆ, ದೂರದಿಂದ. ಆಮೇಲೆ ಕತ್ತಲಲ್ಲಿ ಒಳಗೆ ಟಾರ್ಚ್ ಹಿಡಿದು ನೋಡು, ಸೂಜಿಮೊನೆಯಷ್ಟು ಬೆಳಕು ಚುಚ್ಚಿ ಬಂದರೂ ಎಸೆದು ಹೊಸದು ಹಾಕು. ಟ್ರ್ಯಾಕ್ಟರ್‌ಗಳಲ್ಲಿ ಫಿಲ್ಟರ್ ಕಟ್ಟಿದಾಗ ಕೆಂಪು ತೋರಿಸುವ ಸಣ್ಣ ಇಂಡಿಕೇಟರ್ ಇರುತ್ತಲ್ಲ, ಅಂಥದೊಂದನ್ನು ನಿನ್ನ ಪೈಪಿಗೂ ಕೂರಿಸಬಹುದು. ನಿನ್ನ ದುಡ್ಡಿಗೆ ಅದಕ್ಕಿಂತ ಒಳ್ಳೆ ಮಾಡಿಫಿಕೇಶನ್ ನನಗೆ ಗೊತ್ತಿಲ್ಲ.

ಈಗ ಆಯಿಲ್‌ಗೆ ಬರುತ್ತೇನೆ. ನಿನ್ನದು ಹಳೆಯ 2.5 ಲೀಟರ್ ಸಿಆರ್‌ಡಿಇ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಲ್ಲದ ಡೀಸೆಲ್ ಇಂಜಿನ್. ಅದಕ್ಕೆ ಒಳ್ಳೆ ಕಂಪನಿಯ 15ಡಬ್ಲ್ಯೂ-40, ಡೀಸೆಲ್ ದರ್ಜೆಯದು ಸಾಕು. ಡಬ್ಬದ ಹಿಂದೆ ಗುಣಮಟ್ಟದ ಗುರುತಾಗಿ ಎಪಿಐ ಸಿಐ-4 ಪ್ಲಸ್ ಅಥವಾ ಸಿಕೆ-4 ಅಂತ ಇರಬೇಕು. ಸಿಕೆ-4 ಬಂದಿದ್ದು 2016ರ ಕೊನೆಯಲ್ಲಿ. ಬಿಸಿಗೆ ಬೇಗ ಕೆಡದಿರುವುದು, ಅರೆದು ಅರೆದು ತೆಳುವಾಗದಿರುವುದು, ನೊರೆಯಾಗಿ ಗಾಳಿ ಹಿಡಿಯದಿರುವುದು, ಈ ಮೂರಕ್ಕೂ ಅದರಲ್ಲಿ ಪರೀಕ್ಷೆ ಬಿಗಿಯಾಗಿದೆ. ರೀಮ್ಯಾಪ್ ಮಾಡಿಸಿ, ಗುಡ್ಡದಲ್ಲಿ ವಾಲಿಸಿಕೊಂಡು ಏರುವ ಗಾಡಿಗೆ ಈ ಮೂರೂ ಬೇಕು.

5ಡಬ್ಲ್ಯೂ-30 ಹಾಕಿದರೆ ಮೈಲೇಜ್ ಬರುತ್ತೆ ಅಂತ ನಿನ್ನ ಗೆಳೆಯ ಹೇಳಿದ್ದಾನೆ. ಕೇಳಬೇಡ. ಆಯಿಲ್ ಗ್ರೇಡು ನಿಗದಿ ಮಾಡುವ ಎಸ್ಎಇ ಲೆಕ್ಕದಲ್ಲಿ, 150 ಡಿಗ್ರಿ ಬಿಸಿಯಲ್ಲಿ ಜೋರಾಗಿ ಅರೆದಾಗ ಉಳಿಯಬೇಕಾದ ಕನಿಷ್ಠ ಸ್ನಿಗ್ಧತೆ (ದಪ್ಪ) 15ಡಬ್ಲ್ಯೂ-40ಗೆ 3.7, 30ರ ಗ್ರೇಡಿಗೆ 2.9. ಲೋ ಗೇರಿನಲ್ಲಿ ಗಾಳಿ ತಾಗದೆ ಕುದಿಯುವ ಇಂಜಿನ್ನಿನ ಬೇರಿಂಗಿಗೆ ಆ ವ್ಯತ್ಯಾಸ ದೊಡ್ಡದು. ಡಬ್ಲ್ಯೂ ಜೊತೆಗಿರುವ ಮೊದಲ ಅಂಕಿ ಚಳಿಯದ್ದು, ಕೊನೆಯದು ಬಿಸಿಯದ್ದು. 15ಡಬ್ಲ್ಯೂ ಆಯಿಲನ್ನು ಪಂಪ್ ಎಳೆಯುತ್ತಾ ಅಂತ ಪರೀಕ್ಷಿಸುವುದು ಮೈನಸ್ 25 ಡಿಗ್ರಿಯಲ್ಲಿ. ಮಲೆನಾಡಿನ ಯಾವ ಚಳಿಗೂ ಅದು ಹೆದರಬೇಕಾಗಿಲ್ಲ. ಚಳಿಗಾಲದಲ್ಲಿ ಸ್ಪಿತಿಗೋ ಲಡಾಖಿಗೋ ಹೋಗುವೆ ಅಂದರೆ ಸಿಂಥೆಟಿಕ್ 5ಡಬ್ಲ್ಯೂ-40 ಹಾಕಿಸು, ಟರ್ಬೊಗೂ ಅದು ಒಳ್ಳೆಯದೇ. ಇನ್ನು ಹಳೇ ಮೇಸ್ತ್ರಿಗಳು ಹೇಳುವ 20ಡಬ್ಲ್ಯೂ-50 ಬೇಡ. ದಪ್ಪ ಆಯಿಲ್ ಬೆಳಗಿನ ಸ್ಟಾರ್ಟಿಂಗಿನಲ್ಲಿ ಟರ್ಬೊ ಬೇರಿಂಗ್ ಮುಟ್ಟೋದು ನಿಧಾನ.

ನಿನ್ನ ಗೆಳೆಯನದು 2020ರ ನಂತರದ ಬಿಎಸ್6 ಡೀಸೆಲ್ ಥಾರ್ ಅಂದೆಯಲ್ಲ, ಅವನ ಲೆಕ್ಕವೇ ಬೇರೆ. ಅದರ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಇದೆ. ಆಯಿಲ್ ಸುಟ್ಟು ಉಳಿಯುವ ಬೂದಿ ಅಲ್ಲಿ ಕೂತರೆ ಮಸಿಯ ಹಾಗೆ ಸುಟ್ಟು ಹೋಗಲ್ಲ. ಹಾಗಾಗಿ ಕಂಪನಿ ಪುಸ್ತಕದಲ್ಲಿ ಬರೆದ ಕಡಿಮೆ ಬೂದಿಯ ಆಯಿಲ್ಲೇ ಅದಕ್ಕೆ ಹಾಕಬೇಕು. ಇಬ್ಬರೂ ಸೇರಿ ಒಂದೇ ಬಕೆಟ್ ತಂದು ಹಂಚಿಕೊಳ್ಳಬೇಡಿ.

ಹೊಸ ಆಯಿಲ್ ಕೆಲವು ನೂರು ಕಿಲೋಮೀಟರಿಗೆ ಕಪ್ಪಾದರೆ ಗಾಬರಿಯಾಗಬೇಡ. ಡೀಸೆಲ್ ಮಸಿಯನ್ನು ಎತ್ತಿ ಹಿಡಿದುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರ ಆ ಕ್ಷಣ ಗಾಡಿ ನಿಲ್ಲಿಸು, ಅದು ನೀರು.

ಬದಲಾಯಿಸುವುದು ಯಾವಾಗ ಅನ್ನೋದರಲ್ಲಿ ನೀವು ಹುಡುಗರೆಲ್ಲ ತಪ್ಪುತ್ತೀರಿ. ಕಂಪನಿ ಟಯರ್ ಸುಮಾರು 29 ಇಂಚು. ನಿನ್ನದು 31. ಮೀಟರ್ 10,000 ತೋರಿಸುವಾಗ ಗಾಡಿ ಆಗಲೇ 10,700ರ ಹತ್ತಿರ ಓಡಿರುತ್ತೆ. ಇದು ಚಿಕ್ಕ ವಿಷಯ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರ್) ಹಾಕಿ ಗಂಟೆಗೆ ಎಂಟು ಕಿಲೋಮೀಟರಿನಂತೆ ದಿನಕ್ಕೆ ಆರು ಗಂಟೆ ಗುಡ್ಡ ಹತ್ತಿದರೆ ಮೀಟರಿಗೆ ಸೇರೋದು ನಲವತ್ತೆಂಟು ಕಿಲೋಮೀಟರ್. ಅದೇ ಆರು ಗಂಟೆ ಹೈವೇಯಲ್ಲಿ ಅರವತ್ತರಲ್ಲಿ ಹೋಗಿದ್ದರೆ ಮುನ್ನೂರ ಅರವತ್ತು. ಇಂಜಿನ್ ತಿರುಗಿದ್ದು ಎರಡರಲ್ಲೂ ಆರು ಗಂಟೆ, ಗುಡ್ಡದಲ್ಲಿ ಬಿಸಿಯೂ ಭಾರವೂ ಹೆಚ್ಚು. ಟ್ರ್ಯಾಕ್ಟರ್‌ಗೆ ಗಂಟೆಯ ಮೀಟರ್ ಕೊಡುವುದು ಇದಕ್ಕೇ. ಎಷ್ಟೋ ಟ್ರ್ಯಾಕ್ಟರ್‌ಗಳಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಿ ಅಂತ ಇರುತ್ತೆ. ನೀನೂ ಒಂದು ಗಂಟೆಯ ಮೀಟರ್ ಹಾಕಿಸು. ಅದು ಆಗಲ್ಲ ಅಂದರೆ ಪುಸ್ತಕದ ಕಿಲೋಮೀಟರಿನ ಅರ್ಧಕ್ಕೇ ಬದಲಿಸು. ದುಬಾರಿ ಆಯಿಲ್ ಹಾಕಿ ಎರಡರಷ್ಟು ದೂರ ಎಳೆಯೋದಕ್ಕಿಂತ ಸಾಧಾರಣ ಬೆಲೆಯದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ಗಾಡಿ ಹೆಚ್ಚು ಬಾಳುತ್ತೆ. ದೊಡ್ಡ ಕೆರೆಯಂಥ ಗುಂಡಿ ದಾಟಿದ ದಿನ ಸಂಜೆ ಡಿಪ್‌ಸ್ಟಿಕ್ ಎಳೆದು ನೋಡದೆ ಮಲಗಬೇಡ.

ಆಯಿಲ್ ಮಟ್ಟ ಮೇಲಿನ ಗುರುತಿನ ಹತ್ತಿರವೇ ಇರಲಿ. ಕಡಿದಾದ ಏರಿನಲ್ಲಿ, ಪಕ್ಕಕ್ಕೆ ವಾಲಿದಾಗ ಚೇಂಬರಿನ ಆಯಿಲ್ ಒಂದು ಕಡೆ ಸರಿದು ಪಂಪಿನ ಬಾಯಿ ಗಾಳಿ ಎಳೆಯುತ್ತೆ. ಆಯಿಲ್ ಲೈಟ್ ಒಮ್ಮೆ ಮಿನುಗಿದರೂ ಇಂಜಿನ್ ಆಫ್ ಮಾಡು, ಹಗ್ಗ ಕಟ್ಟಿ ಎಳೆಸಿಕೊಂಡರೆ ಮಾನ ಹೋಗಲ್ಲ. ಹಾಗಂತ ಗುರುತಿನ ಮೇಲೂ ತುಂಬಿಸಬಾರದು. ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತೆ, ಬ್ರೀದರ್ ದಾರಿಯಲ್ಲಿ ಆಯಿಲ್ ಒಳಗೆಳೆದುಕೊಂಡರೆ ಡೀಸೆಲ್ ಇಂಜಿನ್ ಕೀ ತೆಗೆದರೂ ನಿಲ್ಲದೆ ಓಡುವುದುಂಟು.

ಆಯಿಲ್ ಫಿಲ್ಟರ್ ಮಾತ್ರ ಕಂಪನಿಯದೇ ತೆಗೆದುಕೋ, ಡೀಲರ್ ಹತ್ತಿರ, ಬಿಲ್ ಹಾಕಿಸಿ. ಹೊರಗಿನಿಂದ ಎಲ್ಲ ಡಬ್ಬಿಯೂ ಒಂದೇ ಥರ. ಒಳಗೆ ಕಾಗದ ಕಟ್ಟಿಕೊಂಡಾಗ ತೆರೆಯುವ ಬೈಪಾಸ್ ವಾಲ್ವ್ ಎಷ್ಟು ಪ್ರೆಷರಿಗೆ ತೆರೆಯಬೇಕೋ ಅಷ್ಟಕ್ಕೇ ತೆರೆಯಬೇಕು, ಇಂಜಿನ್ ನಿಂತಾಗ ಆಯಿಲ್ ಹಿಂದಕ್ಕಿಳಿಯದಂತೆ ತಡೆಯುವ ರಬ್ಬರ್ ಗಟ್ಟಿಯಾಗಬಾರದು. ನಕಲಿಯಲ್ಲಿ ಕಡಿಮೆ ಮಾಡುವುದು ಇವೆರಡನ್ನೇ. ಹಾಕುವಾಗ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಲು ಹೇಳು. ಎರಡು ರಿಂಗ್ ಕೂತರೆ ದಾರಿಯಲ್ಲಿ ಅಷ್ಟೂ ಆಯಿಲ್ ಚೆಲ್ಲುತ್ತೆ. ಹೊಸ ರಿಂಗಿಗೆ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಲಿ, ಸ್ಪ್ಯಾನರ್ ಬೇಡ.

ಡೀಸೆಲ್ ಫಿಲ್ಟರಿನ ತಳದ ನೀರಿನ ಸ್ಕ್ರೂ ಸಡಿಲಿಸಿ ಆಗಾಗ ನೀರಿಳಿಸು, ಮಳೆಗಾಲದಲ್ಲಂತೂ ಕಡ್ಡಾಯ. ಸಾವಿರ ಬಾರ್ ದಾಟಿದ ಪ್ರೆಷರಿನಲ್ಲಿ ಕೆಲಸ ಮಾಡುವ ಇಂಜೆಕ್ಟರಿಗೆ ನೀರಿನ ಹನಿಯೂ ವಿಷ.

ಇನ್ನೊಂದು ನೀನು ಕೇಳದೇ ಇದ್ದದ್ದು. ಹೈವೇಯಲ್ಲಿ ಬಂದು ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆ) ತಣ್ಣನೆ ಹೊಳೆಗಿಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ, ಆಗ ಅದು ಉಸಿರಾಡುವ ತೂತಾದ ಬ್ರೀದರ್‌ನಿಂದಲೋ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತೆ. ಹಿಂದೆ ಮುಂದೆ ಎರಡೂ ಹೌಸಿಂಗ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಈ ನಾಲ್ಕರ ಬ್ರೀದರಿಗೂ ಉದ್ದ ಹೋಸ್ ಹಾಕಿ ಬಾನೆಟ್ ಎತ್ತರಕ್ಕೆ ಕಟ್ಟಿಸು. ಖರ್ಚು ನಿನ್ನ ಒಂದು ಟಯರಿನ ಕಾಲು ಭಾಗವೂ ಆಗಲ್ಲ. ಗೇರ್ ಆಯಿಲ್‌ನಲ್ಲಿ ಜಿಎಲ್-4, ಜಿಎಲ್-5 ಅಂತ ಎರಡಿದೆ. ಜಿಎಲ್-5 ದೊಡ್ಡದು, ಹಾಗಾಗಿ ಒಳ್ಳೆಯದು ಅಂತ ಗೇರ್ ಬಾಕ್ಸಿಗೂ ಅದನ್ನೇ ಸುರಿಯುತ್ತಾರೆ. ಹೌಸಿಂಗಿನ ಕ್ರೌನ್ ಪಿನಿಯನ್ನಿಗೆ ಅದು ಸರಿ, ಗೇರ್ ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಅದರ ಗಂಧಕದ ಅಂಶ ಆಗಿಬರದೇ ಇರಬಹುದು. ಯಾವುದಕ್ಕೆ ಯಾವುದು ಅಂತ ಪುಸ್ತಕದಲ್ಲಿ ಬರೆದಿರುತ್ತೆ, ಅದನ್ನೇ ಹಾಕಿಸು.

ಖಾಲಿಯಾದ ಆಯಿಲ್ ಡಬ್ಬಕ್ಕೆ ತೂತು ಹೊಡೆದೇ ಬಿಸಾಡು. ಒಳ್ಳೆ ಡಬ್ಬ ಸಿಕ್ಕರೆ ಅದರಲ್ಲೇ ನಕಲಿ ತುಂಬುತ್ತಾರೆ. ಹಳೇ ಆಯಿಲನ್ನು ಗ್ಯಾರೇಜಿನವರು ಚರಂಡಿಗೆ ಬಿಡುತ್ತಾರಾ, ಡ್ರಮ್ಮಿಗೆ ತುಂಬಿ ರೀಸೈಕಲ್ ಮಾಡುವವರಿಗೆ ಕೊಡುತ್ತಾರಾ ಅಂತ ನಿಂತು ನೋಡು. 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ನಮ್ಮ ತೋಟದ ಕೆಳಗೆ ಹರಿಯುವ ಹಳ್ಳ ಹೇಮಾವತಿಗೇ ಸೇರೋದು. ಇಲ್ಲಿಗೆ ಬಂದಾಗ ಆಯಿಲ್ ಬದಲಿಸಿದರೂ ಒಂದು ತೊಟ್ಟು ನೆಲಕ್ಕೆ ಬೀಳಲು ನಾನು ಬಿಡುವವನಲ್ಲ.

ಈ ಸಲದ ಹಳೇ ಆಯಿಲ್ ಫಿಲ್ಟರನ್ನು ಎಸೆಯಬೇಡ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೆಗೆದುಕೊಂಡು ಬಾ. ಹ್ಯಾಕ್ಸಾದಲ್ಲಿ ಕೊಯ್ದರೆ ಕಬ್ಬಿಣದ ಪುಡಿ ಒಳಗೆ ಬಿದ್ದು ಗೊಂದಲ ಆಗುತ್ತೆ, ನನ್ನ ಹತ್ತಿರ ಫಿಲ್ಟರ್ ಕಟರ್ ಇದೆ. ಕಾಗದ ಬಿಡಿಸಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡೋಣ. ಅಯಸ್ಕಾಂತಕ್ಕೆ ಅಂಟುವ ಪುಡಿ ಇದ್ದರೆ ರಿಂಗ್, ಲೈನರ್ ಕಡೆ ನೋಡಬೇಕು. ಅಂಟದೆ ಹಳದಿಯಾಗಿ ಹೊಳೆದರೆ ಬೇರಿಂಗ್. ಆ ಕೋನ್ ಫಿಲ್ಟರಿನಲ್ಲಿ ಇಷ್ಟು ದಿನ ಓಡಿಸಿದ್ದಕ್ಕೆ ಏನಾಗಿದೆ ಅಂತ ಅದನ್ನು ನೋಡಿಯೇ ತಿಳಿಯಬೇಕು, ಆಮೇಲೆ ಇಂಜಿನ್ ಬಿಚ್ಚೋದೋ ಬೇಡವೋ ಅಂತ ಇಬ್ಬರೂ ಕೂತು ತೀರ್ಮಾನಿಸೋಣ. ಬಿಸಿಲೆ ಘಾಟಿ ಕಡೆ ಹೋಗುವ ನಿನ್ನ ಪ್ಲ್ಯಾನನ್ನು ಅಲ್ಲಿವರೆಗೆ ತಡೆದಿಡು.

ಅಕ್ಕ ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ