ಆ ‘ಅನುಮಾನಾಸ್ಪದ ವ್ಯಕ್ತಿ’ ನಾನೇ

ಮಾನ್ಯರೇ,

ಮಂಗಳವಾರ ನಿಮ್ಮ ನಗರ ಪುಟದಲ್ಲಿ ‘ಪಾಳು ಮಿಲ್ ಬಳಿ ಅನುಮಾನಾಸ್ಪದ ವ್ಯಕ್ತಿ, ಮೊಬೈಲ್ ವಶ’ ಅಂತ ಬಂದಿದೆಯಲ್ಲ, ಆ ವ್ಯಕ್ತಿ ನಾನೇ. ವಯಸ್ಸು 63. ಕೈಯಲ್ಲಿ ಎರಡು ಪ್ಯಾಕೆಟ್ ಹಾಲಿತ್ತು. ಅದನ್ನು ನಿಮ್ಮ ವರದಿಗಾರರು ಬಿಟ್ಟುಬಿಟ್ಟಿದ್ದಾರೆ.

ಮಿಲ್ ಯಾವುದು ಅಂತ ಮತ್ತೆ ಬರೆಯುವುದಿಲ್ಲ, ನಮ್ಮ ಮಾಗಡಿ ರಸ್ತೆ ಕಡೆಯವರಿಗೆಲ್ಲ ಗೊತ್ತು. ನಾನು ಒಳಗೆ ಕಾಲಿಟ್ಟಿಲ್ಲ. ಫುಟ್‌ಪಾತ್ ಮೇಲೆ ನಿಂತಿದ್ದೆ, ಅದನ್ನು ಫುಟ್‌ಪಾತ್ ಅನ್ನಬಹುದಾದರೆ. ಗೇಟಿನ ತಗಡು ಕಿತ್ತುಬಂದ ಸಂದಿಯಲ್ಲಿ ಮೊಬೈಲ್ ಹಿಡಿದಿದ್ದೆ, ಅಷ್ಟೇ. ಆ ಶೆಡ್ಡಿನ ಚಾವಣಿ ಗರಗಸದ ಹಲ್ಲಿನ ಹಾಗಿದೆ. ಗಾಜುಗಳೆಲ್ಲ ಉತ್ತರಕ್ಕೆ ಮುಖ ಮಾಡಿವೆ. ಬೆಳಕು ಬರಬೇಕು, ಬಿಸಿಲು ನೇರವಾಗಿ ಮಗ್ಗದ ಮೇಲೆ ಬೀಳಬಾರದು ಅಂತ ಆಗಿನವರು ಹಾಗೆ ಕಟ್ಟುತ್ತಿದ್ದರು. ಈಗ ಅರ್ಧ ಗಾಜು ಒಡೆದಿವೆ. ಟೈಂ ಆಫೀಸಿನ ಗೋಡೆಯಲ್ಲಿ ಹಾಜರಿ ಕಾರ್ಡ್ ಇಡುವ ಮರದ ಖಾನೆಗಳಿವೆ. ಒಂದೇ ಒಂದು ಖಾನೆಯಲ್ಲಿ ಇನ್ನೂ ಕಾರ್ಡ್ ಇದೆ, ಹಳದಿ ಬಣ್ಣಕ್ಕೆ ತಿರುಗಿದೆ. ಅದನ್ನೇ ಝೂಮ್ ಮಾಡುತ್ತಿದ್ದೆ. ಹೆಗಲ ಮೇಲೆ ಕೈ ಬಿತ್ತು.

‘ಯಾರು ಕಳಿಸಿದ್ದು?’ ಅಂತ ಸೆಕ್ಯೂರಿಟಿಯವನು ಕೇಳಿದ. ‘ಹೆಂಡತಿ. ಹಾಲಿಗೆ’ ಅಂದೆ. ಅವನು ನಗಲಿಲ್ಲ.

ಠಾಣೆಯ ಹೆಸರೂ ಬೇಡ. ನಾಳೆ ಮಗಳ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಅವರೇ ಬರಬೇಕು. ಎಂಟು ಗಂಟೆಗೆ ಕೂರಿಸಿದವರು ಹನ್ನೊಂದೂವರೆಗೆ ಬಿಟ್ಟರು. ಬಿಪಿ ಮಾತ್ರೆ ಮನೆಯಲ್ಲಿತ್ತು. ಹಾಲು ಅಲ್ಲೇ ಬೆಂಚಿನ ಮೇಲೆ ಕೆಟ್ಟಿತು. ಹತ್ತು ಗಂಟೆಗೆ ಮನೆಗೆ ಗ್ಯಾಸ್ ಬಂತು, ಓಟಿಪಿ ಬಂದದ್ದು ಅವರ ಮೇಜಿನ ಮೇಲೆ ಕೂತಿದ್ದ ನನ್ನ ಮೊಬೈಲಿಗೆ. ಸಿಲಿಂಡರ್ ವಾಪಸ್ ಹೋಯಿತು. ಇವತ್ತಿಗೆ ಮೂರು ದಿನ, ಇಂಡಕ್ಷನ್ ಒಲೆಯಲ್ಲಿ ಅನ್ನ ಬೇಯುತ್ತಿದೆ. ಮನೆಯಾಕೆ ದಿನಕ್ಕೆ ನಾಲ್ಕು ಸಲ ‘ಇನ್ನೂ ಫೋಟೋ ತೆಗೀರಿ’ ಅನ್ನುತ್ತಾಳೆ. ಮಿಲ್ ಫೋಟೋ ಡಿಲೀಟ್ ಮಾಡುವ ಭರದಲ್ಲಿ ಮೊಮ್ಮಗುವಿನ ನಾಮಕರಣದ ಫೋಟೋಗಳನ್ನೂ ಅಳಿಸಿದರು. ಸಂಜೆ ಮಗಳು ಮೊಬೈಲಲ್ಲಿ ಏನೋ ಒತ್ತಿ ಎಲ್ಲವನ್ನೂ ವಾಪಸ್ ತಂದಳು, ಮಿಲ್ ಫೋಟೋ ಸಮೇತ. ಈ ಒಂದು ಸಾಲು ಮಾತ್ರ ದಯವಿಟ್ಟು ಅಚ್ಚು ಹಾಕಬೇಡಿ.

ನಮ್ಮ ತಂದೆ ಬಿನ್ನಿ ಮಿಲ್ಲಿನ ಸ್ಪಿನ್ನಿಂಗ್‌ನಲ್ಲಿದ್ದವರು. 1884ರಲ್ಲಿ ಶುರುವಾದ ಕಂಪನಿ. ಉಣ್ಣೆ, ಹತ್ತಿ, ರೇಷ್ಮೆ ಮೂರೂ ಅದರ ಪೂರ್ತಿ ಇಂಗ್ಲಿಷ್ ಹೆಸರಲ್ಲೇ ಇದ್ದವು. ಮಿಲ್ ಕೂಗಿದರೆ ನಮ್ಮ ಬೀದಿಯಲ್ಲಿ ಗಡಿಯಾರ ನೋಡುತ್ತಿರಲಿಲ್ಲ. ಅಪ್ಪ ಮಷಿನ್ ಮುಂದೆ ನಿಂತಿರುವ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಆಗ ಯಾರು ತೆಗೆಯುತ್ತಿದ್ದರು? ಮಲ್ಲೇಶ್ವರದ ರಾಜಾ ಮಿಲ್ ಕೂಡ ಹಾಗೇ ಹೋಯಿತು. ಆ ಜಾಗದಲ್ಲಿ ಮಾಲ್ ಬಂತು, ಸಂಪಿಗೆ ರಸ್ತೆಯ ಮೆಟ್ರೋ ಸ್ಟೇಷನ್ನಿಗೆ ಮಾಲ್ ಹೆಸರೂ ಅಂಟಿಕೊಂಡಿತು. ಮಿಲ್ ಹೆಸರು ಇಡೋಣ ಅಂತ ಯಾರಿಗೂ ಹೊಳೆಯಲಿಲ್ಲ. ವಿದ್ಯುತ್ ಉಪಕರಣ ಮಾಡುತ್ತಿದ್ದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಗೆ ಬೀಗ ಬಿದ್ದಿದ್ದು 2002ರಲ್ಲಿ. 1936ರ ಮೈಸೂರು ಲ್ಯಾಂಪ್ಸ್‌ನಲ್ಲಿ ಬಲ್ಬು ಆರಿಯೂ ಎಷ್ಟೋ ವರ್ಷ ಆಯಿತು. ರಿಟೈರ್ ಆದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ಇಂಥವುಗಳ ಗೇಟು, ಗೋಡೆ, ಚಿಮಣಿ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಕೆಲವರು ಸ್ಟಾಂಪ್ ಕೂಡಿಡುತ್ತಾರೆ. ನನ್ನದು ಇದು.

ಇದು ಅಪರಾಧವಂತೆ. ಆದರೆ ಮಿನರ್ವ ಮಿಲ್‌ನಲ್ಲಿ ಎಷ್ಟು ಸಿನಿಮಾ ಫೈಟ್ ಆಗಿವೆ ಅಂತ ಗಾಂಧಿನಗರದವರನ್ನು ಕೇಳಿ ನೋಡಿ. ಹೀರೋ ಹತ್ತು ಜನರನ್ನು ಕಬ್ಬಿಣದ ಕಂಬಕ್ಕೆ ಎಸೆಯಬಹುದು, ಜೀಪಿಗೆ ಬೆಂಕಿ ಇಡಬಹುದು. ಅದು ಶೂಟಿಂಗ್. ಹಾಲಿನ ಪ್ಯಾಕೆಟ್ ಹಿಡಿದವನು ಒಂದು ಕಾರ್ಡಿನ ಫೋಟೋ ತೆಗೆದರೆ ಅನುಮಾನಾಸ್ಪದ. ನಮ್ಮ ಪಕ್ಕದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನವರು ಇದೇ ಮಿಲ್ ಮೇಲೆ ಡ್ರೋನ್ ಹಾರಿಸಿ ಜಾಹೀರಾತು ಮಾಡಿದ್ದಾರೆ, ‘ಹಳೇ ಬೆಂಗಳೂರಿನ ಸೊಗಡು’ ಅಂತ. ಸೊಗಡು ಮೇಲಿಂದ ನೋಡಿದರೆ ಪರವಾಗಿಲ್ಲ, ಗೇಟಿನ ಸಂದಿಯಿಂದ ನೋಡಬಾರದು ಅಂತ ಕಾಣುತ್ತೆ.

‘ಕಟ್ಟಡ ಅಪಾಯಕಾರಿ, ನಿಮ್ಮ ಒಳ್ಳೆಯದಕ್ಕೇ ಹೇಳ್ತಿದೀವಿ’ ಅಂತ ಠಾಣೆಯಲ್ಲಿ ಒಬ್ಬರು ಬುದ್ಧಿ ಹೇಳಿದರು. ಸರಿ ಸ್ವಾಮಿ. 2021ರಲ್ಲಿ ಬಿನ್ನಿ ಮಿಲ್ ಬಳಿ ಪೊಲೀಸರದ್ದೇ ಹೊಸ ವಸತಿಗೃಹ ವಾಲಿಕೊಂಡು, ಸಂಸಾರಗಳನ್ನು ಖಾಲಿ ಮಾಡಿಸಿದ್ದು ಮರೆತುಹೋಯಿತಾ? ಹಳೇ ಮಿಲ್ ಗೋಡೆ ಇನ್ನೂ ನೆಟ್ಟಗೆ ನಿಂತಿದೆ.

ಗೇಟಿಗೆ ಈಗ ಹೊಸ ಬೋರ್ಡ್ ಬಂದಿದೆ: ‘ಪೋಟೊ ತೆಗೆಯುವುದನ್ನು ನಿಶೇದಿಸಿದೆ’. ನಿಷೇಧ ಮಾಡುವವರಿಗೆ ನಿಷೇಧ ಬರೆಯಲು ಬಾರದು. ಈ ಬೋರ್ಡಿಗೆ ಎರಡೇ ದಿನ ಸಾಕಾಯಿತು. ಅದರ ಎದುರಿನ ಮೋರಿ ಚಪ್ಪಡಿ ಮುರಿದು ಒಂದು ವರ್ಷದ ಮೇಲಾಯಿತು. ನಾನೇ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ‘ಇದು ನಮಗೆ ಬರಲ್ಲ’ ಅನ್ನುತ್ತಾರೆ. ಊರಿಗೆ ಈಗ ಐದು ಪಾಲಿಕೆ. ಒಂದಿದ್ದಾಗ ಒಂದು ಕಡೆ ಉಗಿಸಿಕೊಂಡು ಬರುತ್ತಿದ್ದೆವು, ಈಗ ಎಲ್ಲಿ ಹೋಗಿ ಉಗಿಸಿಕೊಳ್ಳಬೇಕು ಅಂತ ಮೊದಲು ಹುಡುಕಬೇಕು. ಬಸ್ ಸ್ಟಾಪಿನ ಸೂರು ತೆಗೆದುಕೊಂಡು ಹೋದವರು ಇವತ್ತಿನವರೆಗೂ ವಾಪಸ್ ತಂದಿಲ್ಲ. ಆ ಅನುಮಾನಾಸ್ಪದ ವ್ಯಕ್ತಿಗಳ ಬಗ್ಗೆ ಯಾವಾಗ ವರದಿ ಮಾಡುತ್ತೀರಿ?

ಸಂಬಂಧಪಟ್ಟವರು, ಅಂದರೆ ಯಾರು ಅಂತ ನನಗೂ ಗೊತ್ತಿಲ್ಲ, ಇಂಥ ಮಿಲ್‌ಗಳ ಫೋಟೋ ತೆಗೆಯಲು ಜನರನ್ನು ಬಿಡಬೇಕು. ಇಲ್ಲವೇ ತಾವೇ ಒಬ್ಬ ಫೋಟೋಗ್ರಾಫರ್ ಕರೆಸಿ ಮೂಲೆಮೂಲೆ ತೆಗೆಸಿಡಬೇಕು, ಕೆಡವುವ ಮೊದಲು. ಕೆಡವಲೂ ಬಾರದು ಅನ್ನಿ. ಮೋರಿಗೆ ಚಪ್ಪಡಿ ಹಾಕಬೇಕು. ಆ ಬೋರ್ಡನ್ನಾದರೂ ತಿದ್ದಲಿ, ನಾಚಿಕೆ ಅನ್ನುವುದು ಇದ್ದರೆ. ಆ ಹಳದಿ ಕಾರ್ಡ್ ಯಾರದ್ದೋ ಏನೋ, ಅದನ್ನು ತೆಗೆದು ಎಲ್ಲಾದರೂ ಜೋಪಾನವಾಗಿ ಇಡಿ ಮಾರಾಯರೇ, ನಾನು ಮುಟ್ಟುವುದಿಲ್ಲ.

ಗ್ಯಾಸ್ ಇನ್ನೂ ಬಂದಿಲ್ಲ.

— ನೊಂದ ಓದುಗ, ಮಾಗಡಿ ರಸ್ತೆ, ಬೆಂಗಳೂರು