ಅರ್ಜಿಯಲ್ಲಿ ಒಂದು ಸಾಲು ಜಾಸ್ತಿ ಬರೆ

ಪೆರ್ಲ

ಚಿ. ಪುಟ್ಟಿಗೆ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡುತ್ತಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಜನವೂ ಇಲ್ಲ, ಬಿಸಿಲೂ ಇಲ್ಲ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ನಿನಗೆ ಕನ್ನಡ ಬಿ.ಎ. ಸೀಟು ಸಿಕ್ಕಿತೆಂದು ಅಮ್ಮ ಹೇಳಿದಳು. ಬಹಳ ಸಂತೋಷ ಆಯಿತು.

ನಿನ್ನ ಕಣ್ಣಿನ ಮತ್ತು ಪರೀಕ್ಷೆಯ ಒಂದು ವಿಷಯ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಹಗಲು ಹೊತ್ತು ಕಿಟಕಿ ಹತ್ತಿರ ಕೂತು ಓದು.

ಮೊನ್ನೆ ಹೊಸ ಮನೆ ಒಕ್ಕಲಿನ ದಿನ ಸಂಜೆ ನಿನ್ನನ್ನು ನೋಡಿದೆ. ಜಗಲಿಯಿಂದ ಅಂಗಳಕ್ಕೆ ಇಳಿಯುವಲ್ಲಿ ಎರಡು ಮೆಟ್ಟಿಲು. ಲೈಟು ಅಲ್ಲಿಗೆ ಬೀಳುತ್ತಿರಲಿಲ್ಲ. ನೀನು ಮೊಬೈಲ್ ತೆಗೆದು ಏನೋ ಓದುವವಳ ಹಾಗೆ ನಿಂತೆ. ಕಾಲ ಬೆರಳಿನಲ್ಲಿ ಮೆಟ್ಟಿಲಿನ ಅಂಚು ಹುಡುಕುತ್ತಿದ್ದೆ. ಮೊಬೈಲ್ ಆಫ್ ಇತ್ತು ಮಗಳೇ, ನಾನು ಹಿಂದೆಯೇ ಇದ್ದೆ. ನಿನ್ನ ಅಜ್ಜಿಯದ್ದೂ ಇದೇ ಉಪಾಯ. ಕತ್ತಲಾದರೆ ಚೊಂಬು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ನೀರಿಗೆ ಹೊರಟವಳ ಹಾಗೆ. ಯಾರಾದರೂ ಬಂದು ಕೈ ಹಿಡಿಯುವ ತನಕ ಹೆಜ್ಜೆ ಇಡುತ್ತಿರಲಿಲ್ಲ. ನಿನಗೆ ಬಂದದ್ದು ಅವಳ ಕಣ್ಣು. ಊರಿನ ಹೆಸರು ಹೇಳಿದ ಕೂಡಲೇ "ಎಂಡೋಸಲ್ಫಾನಾ?" ಎಂದು, ಆ ಕೀಟನಾಶಕದಿಂದಲೇ ನಿನ್ನ ಕಣ್ಣು ಹೀಗಾಯಿತೇ ಎಂದು, ಕೇಳುವವರು ಕಾಲೇಜಿನಲ್ಲಿ ಸಿಗುತ್ತಾರೆ. ಎಲ್ಲರಿಗೂ ನಮ್ಮ ವಂಶದ ಕಥೆ ಹೇಳಬೇಕೆಂದಿಲ್ಲ. ನಕ್ಕು ಮುಂದೆ ಹೋಗು.

ಆದರೆ ಆಫೀಸಿನವರ ಹತ್ತಿರ ಈ ಮೊಬೈಲ್ ಉಪಾಯ ಬೇಡ. ಮೂವತ್ತು ವರ್ಷ ಕಾಲೇಜು ಆಫೀಸಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕಾಗದದಲ್ಲಿ ಇಲ್ಲದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಈ ಸಂಗತಿ ನಿನ್ನ ಅತ್ತೆಗೂ ಪೂರ್ತಿ ಹೇಳಿಲ್ಲ. ಯಾವ ಕಾಲೇಜು ಎಂದು ಕೇಳಬೇಡ. ಒಬ್ಬ ಹುಡುಗ, ನಿನ್ನಂತೆಯೇ ಕನ್ನಡ ಬಿ.ಎ. ಓದುವವ. ದೃಷ್ಟಿ ಪೂರ್ತಿ ಹೋಗಿತ್ತು. ಪರೀಕ್ಷೆಗೆ ಸ್ಕ್ರೈಬ್, ಅಂದರೆ ತಾನು ಹೇಳಿದ್ದನ್ನು ಬರೆದುಕೊಡುವವರು, ಬೇಕೆಂದು ಅರ್ಜಿ ಕೊಟ್ಟ. ಅದನ್ನು ತೆಗೆದುಕೊಂಡು ಸೀಲು ಹೊಡೆದವನು ನಾನೇ. ಒಬ್ಬ ಪ್ಲಸ್ ಟು ಹುಡುಗನನ್ನು ಗೊತ್ತು ಮಾಡಿದ್ದೂ ನಾನೇ. ಅವನು ಆಫೀಸಿಗೆ ಬಂದು ನನ್ನ ಹತ್ತಿರ ಚಂದದ ಕನ್ನಡದಲ್ಲೇ ಮಾತಾಡಿದ. ಸರಿ, ಆಯಿತಲ್ಲ ಎಂದುಕೊಂಡೆ. ಪರೀಕ್ಷೆ ಶುರುವಾಗಿ ಅರ್ಧ ಗಂಟೆಗೆ ಹಾಲಿನಿಂದ ಕರೆ ಬಂತು. ಹೋಗಿ ನೋಡಿದರೆ, ಬರೆಯುವವನು ಓದಿದ್ದು ಪೂರಾ ಮಲಯಾಳ ಮೀಡಿಯಂ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ಹುಡುಗ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದ. 'ಸ್ವಾತಂತ್ರ್ಯ' ಎಂಬ ಒಂದು ಮಾತಿಗೆ, ತ ಬರೆ, ಅದಕ್ಕೆ ರ ಒತ್ತು, ಕೆಳಗೆ ಯ ಒತ್ತು, ಎಂದು. ಅಷ್ಟು ಹೊತ್ತಿಗೆ ಮುಕ್ಕಾಲು ಪುಟವೂ ಆಗಿರಲಿಲ್ಲ. ಆ ಪೇಪರನ್ನು ಅವನು ಮುಂದಿನ ವರ್ಷ ಮತ್ತೆ ಬರೆದ. ಅರ್ಜಿಯಲ್ಲಿ ಭಾಷೆ ಯಾವುದು ಎಂಬ ಕಾಲಮೇ ಇರಲಿಲ್ಲ, ನಿಜ. ನಾನಾದರೂ ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ.

ಹಾಗಾಗಿ ನಿನ್ನ ಅರ್ಜಿಯಲ್ಲಿ ಕಾಲಮ್ ಇರಲಿ ಇಲ್ಲದಿರಲಿ, "ಕನ್ನಡ ಓದಲು ಮತ್ತು ಬರೆಯಲು ಬರುವ ಸ್ಕ್ರೈಬ್" ಎಂದು ಬರೆ. ಕಾಸರಗೋಡಿನಲ್ಲಿ ಈ ಒಂದು ಸಾಲು ಬೇಕೇ ಬೇಕು. ಕೇಂದ್ರ ಸರ್ಕಾರ 2018ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಮಗೆ ಅನುಕೂಲ ಇತ್ತು. ಆಮೇಲೆ ನಿಯಮ ಬದಲಾಗಿರಬಹುದು, ಅರ್ಜಿ ಕೊಡುವಾಗ ಕೇಳಿಕೊ. ಭಾಷೆಯ ಪೇಪರಿಗೆ ಒಬ್ಬರು, ಬೇರೆ ಪೇಪರಿಗೆ ಇನ್ನೊಬ್ಬರು ಸ್ಕ್ರೈಬ್ ಆಗಬಹುದಿತ್ತು. ಎರಡು ದಿನ ಮೊದಲೇ ಅವರನ್ನು ಭೇಟಿ ಮಾಡಬಹುದಿತ್ತು. ನಿನ್ನದೇ ಜನ ಕರೆದುಕೊಂಡು ಹೋಗುವುದಾದರೆ ಅವರ ಓದು ನಿನ್ನದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಆ ಲೆಕ್ಕದಲ್ಲಿ ನಿನಗೆ ಪ್ಲಸ್ ಟು ಮಕ್ಕಳು ಆದೀತು. ಕನ್ನಡ ಮೀಡಿಯಮ್ಮಿನವರು ನಮ್ಮ ಸುತ್ತಮುತ್ತ ಬೇಕಾದಷ್ಟು ಇದ್ದಾರೆ. ಮೊದಲೇ ಎರಡು ಪುಟ ಉಕ್ತಲೇಖನ ಕೊಟ್ಟು ನೋಡು. ಮಹಾಪ್ರಾಣ ನುಂಗುವವರು ಬೇಡ!

ಸ್ಕ್ರೈಬ್ ಬೇಡ, ಕೈಯಲ್ಲೇ ಬರೆಯುತ್ತೇನೆ ಎನ್ನುತ್ತೀಯಂತೆ. ಬರೆ. ಆಗಲೂ ಮೂರು ಗಂಟೆಯ ಪರೀಕ್ಷೆಗೆ ಕಡಿಮೆ ಎಂದರೆ ಒಂದು ಗಂಟೆ ಜಾಸ್ತಿ ಕೇಳಬಹುದು. ಮೂರನೇ ಗಂಟೆಗೆ ನಿನಗೆ ಗೆರೆ ತಪ್ಪುತ್ತದೆ ಎಂದು ಅಮ್ಮ ಹೇಳಿದ್ದಾಳೆ, ಆದ್ದರಿಂದ ಸುಮ್ನೆ ಜಂಬ ಮಾಡಬೇಡ. ಕಿಟಕಿ ಪಕ್ಕದ ಬೆಂಚು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ನೋಟ್ಸಿನ ಫೈಲು, ಬೋರ್ಡಿನ ಫೋಟೋ ತೆಗೆಯಲು ಅನುಮತಿ, ಇವನ್ನೆಲ್ಲ ಅದೇ ಅರ್ಜಿಯಲ್ಲಿ ಸೇರಿಸು. ಇಂಟರ್ನಲ್ ಪರೀಕ್ಷೆಗೂ ಅನ್ವಯ ಆಗಬೇಕೆಂದು ಬರೆ. ಅದನ್ನು ಎಲ್ಲರೂ ಮರೆಯುತ್ತಾರೆ. ಅರ್ಜಿ ಕನ್ನಡದಲ್ಲೇ ಇರಲಿ. ನಮ್ಮ ಜಿಲ್ಲೆಯ ಸರ್ಕಾರಿ ಆಫೀಸಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ. ಎರಡು ಪ್ರತಿ ಮಾಡಿ, ಒಂದರಲ್ಲಿ ಸೀಲು ಮತ್ತು ತಾರೀಕು ಹಾಕಿಸಿಕೊಂಡು ಬಾ. ಸೀಲು ಇಲ್ಲದ ಪ್ರತಿ ಹಿಡಿದು ಜಗಳಕ್ಕೆ ಹೋದರೆ ಗುಮಾಸ್ತನೇ ಗೆಲ್ಲುತ್ತಾನೆ, ನನಗೆ ಗೊತ್ತಲ್ವಾ?

ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅಕ್ಷಯ ಎಂಬ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕೋಣ, ಆಮೇಲೆ ಮೆಡಿಕಲ್ ಬೋರ್ಡಿಗೆ ನಾನೂ ಬರುತ್ತೇನೆ. ಅವರು ವೈಕಲ್ಯ ಶೇಕಡಾ 40 ಅಥವಾ ಜಾಸ್ತಿ ಎಂದು ಬರೆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ. ಕಡಿಮೆ ಬರೆದರೂ ಬಾಗಿಲು ಮುಚ್ಚಿತು ಎಂದುಕೊಳ್ಳಬೇಡ. ಬರೆಯುವಾಗ ಕೈ ಸೆಟೆದುಕೊಳ್ಳುವ ಒಬ್ಬ ಅಭ್ಯರ್ಥಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ, 40 ಆಗಿಲ್ಲ ಎಂಬ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸಬಾರದೆಂದು ಹೇಳಿದೆ.

ಮತ್ತೊಂದು. ಅಲ್ಲಿನ ಫಾರಮುಗಳಲ್ಲಿ ಅಂಗವಿಕಲರಿಗೆ 'ಭಿನ್ನಶೇಷಿ' ಎಂಬ ಮಾತು ಕಾಣುತ್ತದೆ. ಮೊದಲ ಸಲ ಓದಿದಾಗ, ಉಳಿದುಹೋದ ಶೇಷವೋ ಏನೋ ಎಂದು ನನಗೆ ಕೆಟ್ಟದೆನಿಸಿತ್ತು. ಮಲಯಾಳದಲ್ಲಿ ಶೇಷಿ ಎಂದರೆ ಸಾಮರ್ಥ್ಯ ಅಂತೆ. ಸಹೋದ್ಯೋಗಿಯೊಬ್ಬರು ನಗುತ್ತಾ ತಿದ್ದಿದರು. ಆ ಚೌಕದಲ್ಲಿ ಟಿಕ್ ಹಾಕಲು ಪೆನ್ನು ತಡೆಯಬಾರದು.

ಬರುವ ಭಾನುವಾರ ಇಲ್ಲಿಗೆ ಬಾ. ಎರಡು ಫೋಟೋ, ಆಧಾರ್, ಕಣ್ಣಿನ ಡಾಕ್ಟರ ಹಳೆಯ ಚೀಟಿಗಳು, ಎಲ್ಲ ತಾ. ಅರ್ಜಿ ನಾವಿಬ್ಬರೇ ಕೂತು ಬರೆಯೋಣ. ನಿನ್ನ ಅತ್ತೆ ಪತ್ರೊಡೆ ಮಾಡುತ್ತಾಳಂತೆ. ಮಧ್ಯಾಹ್ನದ ಬಸ್ಸು ತಪ್ಪಿ ಸಂಜೆಯದಕ್ಕೆ ಬಂದರೆ ಫೋನ್ ಮಾಡು, ಸ್ಟಾಪಿನಲ್ಲಿ ಟಾರ್ಚ್ ಹಿಡಿದು ನಿಂತಿರುತ್ತೇನೆ.

ಇತಿ,
ನಿನ್ನ ಮಾವ