ಕಪ್ಪುಕುಳಿಯ ತಿರುಗು: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಎಲ್ಲವನ್ನೂ ನುಂಗುವ ಕಪ್ಪುಕುಳಿ ಸ್ಫೋಟಕ್ಕೆ ಶಕ್ತಿ ಕೊಡುವುದು ಹೇಗೆ ಎಂದು ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಅದಕ್ಕೇ ಈ ಕಾಗದ.

1998ರ ಏಪ್ರಿಲ್ 25ರಂದು ಬೆಪ್ಪೊಸ್ಯಾಕ್ಸ್ ಉಪಗ್ರಹ ಒಂದು ಗಾಮಾ ಕಿರಣ ಸ್ಫೋಟವನ್ನು, ಅಂದರೆ ಆಕಾಶದಲ್ಲಿ ಸ್ವಲ್ಪ ಹೊತ್ತು ಮಾತ್ರ ಮಿಂಚಿ ಮರೆಯಾಗುವ ಗಾಮಾ ಕಿರಣಗಳ ಹೊಳಪನ್ನು, ಕಂಡಿತು. ಆ ಕಡೆಗೆ ದೂರದರ್ಶಕ ತಿರುಗಿಸಿದರೆ ಅಲ್ಲೊಂದು ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ! ಅದೂ ಸಾಮಾನ್ಯದ್ದಲ್ಲ, ಶಕ್ತಿ ಹತ್ತು ಪಟ್ಟಿಗೂ ಜಾಸ್ತಿ. ಎರಡಕ್ಕೂ ನಂಟಿದೆಯೋ, ಸುಮ್ನೆ ಹಾಗೆ ಕೂಡಿ ಬಂತೋ ಎಂಬ ಅನುಮಾನ ಕೆಲವರಿಗಿತ್ತು. 2003ರ ಮಾರ್ಚ್ 29ರ ಸ್ಫೋಟ ಅದನ್ನು ಕಳೆಯಿತು. ಅದರ ಬೆಳಕು ಇಳಿಯುತ್ತಿದ್ದಂತೆ ಅಂಥದ್ದೇ ಸೂಪರ್‌ನೋವಾ ಕಾಣಿಸಿಕೊಂಡಿತು.

ಖಗೋಳ ವಿಜ್ಞಾನಿ ಸ್ಟಾನ್ ವೂಸ್ಲಿ 1993ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದರು. ದೊಡ್ಡ ನಕ್ಷತ್ರದ ಒಡಲು ಕುಸಿದು ಕಪ್ಪುಕುಳಿ ಆಗುತ್ತದೆ. ನಕ್ಷತ್ರ ತಿರುಗದಿದ್ದರೆ ಮಿಕ್ಕದ್ದೆಲ್ಲ ನೇರವಾಗಿ ಒಳಗೆ ಬೀಳುತ್ತದೆ, ಅಲ್ವಾ? ಜೋರಾಗಿ ತಿರುಗುತ್ತಿದ್ದರೆ ಹಾಗೆ ಬೀಳಲು ಆಗುವುದಿಲ್ಲ. ಕುಳಿಯ ಸುತ್ತ ಬಿಸಿ ತಟ್ಟೆಯಾಗಿ ಸುತ್ತತೊಡಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಭಾಗ. ತಿರುಗುವ ಕಪ್ಪುಕುಳಿ ತನ್ನ ಸುತ್ತಲಿನ ಜಾಗವನ್ನೇ ಎಳೆದು ಸುತ್ತಿಸುತ್ತದೆ. ಒಳಗೆ ಬಿದ್ದದ್ದು ಹೊರಗೆ ಬರುವುದಿಲ್ಲ, ನಿಜ. ಆದರೆ ತಿರುಗುವಿಕೆಯ ಶಕ್ತಿಯನ್ನು ಹೊರಗೆ ತೆಗೆಯಬಹುದು ಎಂದು ಭೌತವಿಜ್ಞಾನಿ ರೋಜರ್ ಪೆನ್‌ರೋಸ್ 1969ರಲ್ಲಿ ತೋರಿಸಿದರು. ಕಾಂತಕ್ಷೇತ್ರದ ಮೂಲಕ ಅದು ಹೇಗೆ ಆಗಬಹುದೆಂದು 1977ರಲ್ಲಿ ಬ್ಲಾಂಡ್‌ಫೋರ್ಡ್ ಮತ್ತು ಝ್ನಾಯೆಕ್ ಲೆಕ್ಕ ಹಾಕಿದರು. ಸೈಕಲ್ ಡೈನಮೋ ನೆನಪಿಸಿಕೋ: ಚಕ್ರದ ಓಟ ಒಂದಿಷ್ಟು ತಗ್ಗುತ್ತದೆ, ದೀಪ ಹೊತ್ತುತ್ತದೆ. ಅತಿ ವೇಗವಾಗಿ ತಿರುಗುವ ಕುಳಿಯಿಂದ ಅದರ ದ್ರವ್ಯರಾಶಿಯ ಶೇಕಡಾ 29ರಷ್ಟನ್ನು ಶಕ್ತಿಯಾಗಿ ತೆಗೆಯಲು ಸಾಧ್ಯ. ನಮ್ಮ ಸೂರ್ಯ ಇಡೀ ಆಯುಷ್ಯದಲ್ಲಿ ಬೆಳಕಾಗಿಸುವುದು ಶೇಕಡಾ 1ಕ್ಕಿಂತಲೂ ಕಡಿಮೆ!

ಆ ಶಕ್ತಿ ಕುಳಿ ತಿರುಗುವ ಅಕ್ಷದ ಎರಡು ತುದಿಗಳಿಂದ ಚಿಮ್ಮಿ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ನಕ್ಷತ್ರವನ್ನು ಕೊರೆದು ಹೊರಬರುತ್ತದೆ. ನಮ್ಮತ್ತ ಮುಖ ಮಾಡಿದ್ದರೆ ಗಾಮಾ ಸ್ಫೋಟವಾಗಿ ಕಾಣುತ್ತದೆ. ತಟ್ಟೆಯಿಂದ ಬೀಸುವ ಗಾಳಿ ನಕ್ಷತ್ರವನ್ನು ಒಡೆಯುತ್ತದೆ. ಅಲ್ಲಿ ಹುಟ್ಟಿದ ನಿಕಲ್-56 ಎಂಬ ವಿಕಿರಣಶೀಲ ನಿಕಲ್ ಮೊದಲು ಕೋಬಾಲ್ಟ್, ಆಮೇಲೆ ಕಬ್ಬಿಣವಾಗುತ್ತಾ ವಾರಗಟ್ಟಲೆ ಬೆಳಗುತ್ತದೆ. ನಾವು ಸೂಪರ್‌ನೋವಾ ಎಂದು ನೋಡುವುದು ಅದನ್ನೇ.

ಕಪ್ಪುಕುಳಿ ಬೇಡ, ಬಲವಾದ ಕಾಂತಕ್ಷೇತ್ರವಿರುವ ನ್ಯೂಟ್ರಾನ್ ನಕ್ಷತ್ರ (ಕುಸಿದ ಒಡಲು ಕಪ್ಪುಕುಳಿಯಾಗದೆ ಉಳಿದ ಪುಟ್ಟ, ಅತಿ ದಟ್ಟ ಉಂಡೆ) ಸಾಕು ಎನ್ನುವವರೂ ಇದ್ದಾರೆ. ನನ್ನ ಮನಸ್ಸು ಕುಳಿಯ ಕಡೆಗೇ ವಾಲುತ್ತದೆ. ಆದರೂ ಒಂದು ವಿಷಯ ಬಿಡದೆ ಕಾಡುತ್ತಿದೆ. 2022ರ ಅಕ್ಟೋಬರ್ 9ರ ಸ್ಫೋಟ ಈವರೆಗೆ ಕಂಡದ್ದರಲ್ಲೇ ಅತಿ ಪ್ರಖರ. ಅದರ ಹಿಂದಿನ ಸೂಪರ್‌ನೋವಾವನ್ನು ಜೇಮ್ಸ್ ವೆಬ್ ದೂರದರ್ಶಕ ಹುಡುಕಿ ನೋಡಿತು. ಅದು ತೀರಾ ಸಾಧಾರಣ! ಚಿಮ್ಮು ಅಷ್ಟು ಜೋರಾಗಿದ್ದರೂ ಸೂಪರ್‌ನೋವಾ ಯಾಕೆ ಮಾಮೂಲಿ? ನಿನಗೇನನ್ನಿಸುತ್ತದೆ, ಬರೆ.

ನಿನ್ನ,
ಸುರೇಶ